ಜೀಪಿನೊಳಗಿನ ಕೌದಿ

ಹೋದ ವಾರ ಒಂದು ಮಧ್ಯಾಹ್ನ ರೋಣದಿಂದ ಗಜೇಂದ್ರಗಡಕ್ಕೆ ಹೊರಟಿದ್ದಾಗ ಒಂದು ಜೋಳದ ಕಾಳು ನನ್ನ ಮುಂಗೈ ಮೇಲೆ ಬಿತ್ತು. ಜೀಪಿನಲ್ಲಿ ನಾನೊಬ್ಬನೇ ಇದ್ದೆ, ಹಿಂದೆ ಚೀಲಗಳೂ ಇರಲಿಲ್ಲ. ಕಾಳು ಬಿದ್ದದ್ದು ಮೇಲಿನಿಂದ, ನನ್ನ ತಲೆಯ ಬಲಕ್ಕಿರುವ ಮೂಲೆಯಿಂದ. ಸ್ವಲ್ಪ ದೂರ ಹೋಗುವುದರೊಳಗೆ ಇನ್ನೊಂದು ಬಿತ್ತು. ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಕಾಲ ಬಳಿ ಹುಡುಕಿ, ಎರಡನ್ನೂ ಹೆಕ್ಕಿ ಅಂಗಿಯ ಕಿಸೆಯಲ್ಲಿ ಹಾಕಿಕೊಂಡೆ. ಜೋಳ ಬೆಳೆಯುವ ನಾಡಿನಲ್ಲಿ ಎರಡು ಕಾಳಿಗಾಗಿ ಗಾಡಿ ನಿಲ್ಲಿಸುವವನನ್ನು ನೀವು ಜಿಪುಣ ಎನ್ನಬಹುದು, ತಲೆ ಕೆಟ್ಟಿದೆ ಎನ್ನಬಹುದು. ಅನ್ನುವ ಮೊದಲು ಆ ಮೂಲೆಯ ವಿಷಯ ಕೇಳಿ.

ನನ್ನದು ಹಳೆಯ ಜೀಪು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಎತ್ತರದ ಕಂಬಗಳಿವೆಯಲ್ಲ, ನಾವು ಅವನ್ನು ಫ್ಯಾನು ಎನ್ನುತ್ತೇವೆ. ಅಲ್ಲಿಗೆ ಕೆಲಸದವರನ್ನೂ ಸಾಮಾನನ್ನೂ ಮುಟ್ಟಿಸುವುದು ನನ್ನ ಉದ್ಯೋಗ. ಮಳೆ ಹಿಡಿದಾಗ ಎರಿ ಹೊಲದ ಕಪ್ಪು ಮಣ್ಣಿನ ದಾರಿಯಲ್ಲಿ ಬೇರೆ ಗಾಡಿಗಳು ಹೂತು ಕುಳಿತಿರುತ್ತವೆ. ಇದು ನಾಲ್ಕೂ ಗಾಲಿ ತಿರುಗಿಸಿ, ಎಮ್ಮೆ ಕೆರೆಯಿಂದ ಏಳುವ ಹಾಗೆ, ನಿಧಾನಕ್ಕೆ ಎದ್ದು ಬರುತ್ತದೆ. ಮೊದಲು ಇದಕ್ಕೆ ಕ್ಯಾನ್ವಾಸಿನ ಹೊದಿಕೆ ಇತ್ತು. ಅದು ಹರಿದಾಗ, ಇನ್ನು ಹರಿಯುವ ಚಿಂತೆಯೇ ಬೇಡವೆಂದು ತಗಡಿನ ಗಟ್ಟಿ ಟಾಪು ಕೂರಿಸಿದೆ. ಕೂರಿಸಿದ್ದು ಮಹಾನವಮಿಗೆ ಮುಂಚೆ, ಬಿಸಿಲಿಲ್ಲದ ಕಾಲದಲ್ಲಿ. ಬುದ್ಧಿವಂತಿಕೆ ಎಂದುಕೊಂಡಿದ್ದು ಯುಗಾದಿಯವರೆಗೆ ಉಳಿಯಿತು.

“ಇದೇನ್ರಿ, ನನ್ನ ರೊಟ್ಟಿ ಹಂಚು ತಂದು ತಲಿ ಮ್ಯಾಲ ಬೋರಲ ಹಾಕೀರೇನು?” ಎಂದಳು ನೀಲವ್ವ, ಆ ಬೇಸಿಗೆ ಮೊದಲ ಸಲ ಹತ್ತಿದಾಗ.

ನೀಲವ್ವ ನನ್ನ ಹೆಂಡತಿ. ತವರು ಪುರ್ತಗೇರಿ. ಏಳನೆಯ ಇಯತ್ತೆಯವರೆಗೆ ಸಾಲಿ ಕಲಿತಿದ್ದಳು. ನನಗಿಂತ ಒಂದು ವರ್ಷ ಹೆಚ್ಚು, ಅದನ್ನು ಬೇಕಾದಾಗ ನೆನಪಿಸುತ್ತಿದ್ದಳು. ಓಣಿಯಲ್ಲಿ ಯಾರ ಮನೆಯಲ್ಲಿ ಹಳೆಯ ಸೀರೆ, ಧೋತರ ಕೂಡಿದರೂ ಕೌದಿ ಹೊಲಿಯಲು ಆಕೆಯನ್ನೇ ಕರೆಯುತ್ತಿದ್ದರು. ಜೀಪಿನ ಬಿಸಿಲಿನ ಬಗ್ಗೆ ನಾನು ಎರಡು ವಾರ ತಲೆ ಕೆರೆದುಕೊಂಡೆ. ಆಕೆ ಒಂದೇ ದಿನ ಯೋಚಿಸಿದಳು.

“ನಮ್ಮ ತವರ್ಮನಿ ಜಂತಿ ಮನಿ ಅಲ್ಲೇನ್ರಿ. ಮ್ಯಾಲ ಮಣ್ಣು, ನಡುವ ಸೊಪ್ಪು ಸದಿ, ಕೆಳಗ ಕಟಗಿ ಜಂತಿ. ಬಿಸಲು ಅಷ್ಟೂ ದಾಟಿ ಕೆಳಗ ಇಳಿಯೂದ್ರಾಗ ಸಂಜಿ ಆಗತಿತ್ತು. ಈ ಗಾಡಿಗೂ ನಡುವ ಏನರ ಅಡ್ಡ ಕೊಡಬೇಕು.”

ಹುಬ್ಬಳ್ಳಿಯಲ್ಲಿ ಗಾಡಿಗಳ ಒಳಛಾವಣಿಗೆ ಮೆತ್ತನೆಯ ಅಸ್ತರು ಹಾಕಿಕೊಡುವ ಅಂಗಡಿಗೆ ಹೋಗಿ ಕೇಳಿದೆವು. ಅವರು ಹೇಳಿದ ದರ ಕೇಳಿ, ಅವರೇ ತರಿಸಿದ ಚಹಾ ಕುಡಿದು ಬಂದೆವು. ರೋಣದಲ್ಲಿ ತಗಡಿನ ಮನೆಗಳಿಗೆ ಬಿಸಿಲು ತಡೆಯಲು ಹಾಕುವ ತೆಳು ಫೋಮಿನ ಹಾಳೆ ಸಿಗುತ್ತದೆ, ಒಂದು ಮಗ್ಗುಲಿಗೆ ಬೆಳ್ಳಿಯಂತೆ ಹೊಳೆಯುತ್ತದೆ. ಅದರ ಒಂದು ಸುರುಳಿ, ಚಪ್ಪಲಿ ಅಂಟಿಸುವ ಸೊಲೂಶನ್ನಿನ ಎರಡು ಡಬ್ಬಿ ತಂದೆವು. ಅಂಟಿಸುವುದು ಗಂಡಸಿನ ಕೆಲಸವೆಂದು ನಾನು ಹೇಳಿದೆ. ಆಕೆ ಏನೂ ಅನ್ನಲಿಲ್ಲ. ಆಕೆ ಏನೂ ಅನ್ನದಿದ್ದಾಗ ಹುಷಾರಾಗಿರಬೇಕೆಂಬುದು ನನಗೆ ಅಷ್ಟು ವರ್ಷಕ್ಕೂ ತಿಳಿದಿರಲಿಲ್ಲ.

ಮುಂಜಾನೆ ಅಂಟಿಸಿದೆ. ಒಳಗೆ ಬೆಳ್ಳಿಯ ಮಂಟಪದಂತೆ ಕಂಡಿತು. ಮಧ್ಯಾಹ್ನ ಆಕೆಯನ್ನು ಕೂರಿಸಿಕೊಂಡು ನರಗುಂದಕ್ಕೆ ಹೊರಟೆ. ಬೆಳವಣಕಿ ಹತ್ತಿರ ಬರುವ ಹೊತ್ತಿಗೆ ತಲೆಯ ಮೇಲೆ ಸರಸರ ಸಪ್ಪಳವಾಯಿತು. ನೋಡುವುದರೊಳಗೆ ಇಡೀ ಹಾಳೆ, ಲಗ್ನದಲ್ಲಿ ಅಂತರಪಟ ಹಿಡಿದ ಹಾಗೆ, ನಮ್ಮಿಬ್ಬರ ಮುಖದ ಮುಂದೆ ಇಳಿಯಿತು.

“ನೀಲವ್ವ, ನೀಲವ್ವ, ಏನೂ ಕಾಣವಲ್ದು.”

“ಮೊದಲ ಬ್ರೇಕ್ ಹಾಕ್ರಿ. ಹೆಸರು ಆಮ್ಯಾಲ ಕರೀರಂತ.”

ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ನಿಂತು, ಒಳಗೆ ಇಣುಕಿ, “ಏನಣ್ಣಾ, ಅಕ್ಷತಿ ಹಾಕಿ ಹೋಗ್ಲೇನು?” ಎಂದು ಕೇಳಿ ಹೋದ. ನನ್ನ ತಲೆಗೂದಲಿಗೆಲ್ಲ ಸೊಲೂಶನ್ ಮೆತ್ತಿತ್ತು. ನೀಲವ್ವ ಕೆಳಗಿಳಿಯಲಿಲ್ಲ, ನಗಲೂ ಇಲ್ಲ. ಎದ್ದು ನಿಂತು ತಗಡಿಗೆ ಮೂಗು ಹಚ್ಚಿದಳು.

“ಕುಸಬಿ ಎಣ್ಣಿ ವಾಸನಿ ಬರಾಕತ್ತೈತಿ. ಈ ಜೀಪಿಗೆ ಒಗ್ಗರಣಿ ಯಾರು ಹಾಕ್ಯಾರ?”

ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ನಮ್ಮ ಕಡೆ ಮಹಾನವಮಿಗೆ ಗಾಡಿ, ಕೂರಿಗೆ, ಕುಡುಗೋಲು ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತೇವೆ. ತುಕ್ಕು ಹಿಡಿಯಬಾರದೆಂದು ನಾನು ಆ ದಿನ ಹೊಸ ತಗಡನ್ನು ಒಳಗೂ ಹೊರಗೂ ಎಣ್ಣೆ ಅರಿವೆಯಿಂದ ಚೆನ್ನಾಗಿ ತಿಕ್ಕಿದ್ದೆ. ಎಣ್ಣೆ ಅಡುಗೆಮನೆಯದು, ಕೇಳದೇ ತೆಗೆದದ್ದು. ಆ ಎಣ್ಣೆಯ ಮೇಲೆ ಅಂಟು ಯಾಕೆ ನಿಂತೀತು?

“ಎಣ್ಣಿ ಹಚ್ಚಿದ ಮ್ಯಾಲ ಎರೀಬೇಕಲ್ಲ. ಅಷ್ಟೂ ಗೊತ್ತಿಲ್ಲೇನು ನಿಮಗ?” ಎಂದಳು. ಮರುದಿನ ಕಡಲೆಹಿಟ್ಟು ಕಲಸಿಕೊಂಡು ಜೀಪಿನೊಳಗೆ ಕುಳಿತು, ಬಾಣಂತಿಯ ಕೂಸಿಗೆ ಎರೆಯುವ ಹಾಗೆ ಇಡೀ ಛಾವಣಿಯನ್ನು ತಿಕ್ಕಿ ಬಿಸಿನೀರಿನಿಂದ ತೊಳೆದಳು. ಒಣಗಿದ ಮೇಲೆ ತಗಡಿಗೊಮ್ಮೆ, ಹಾಳೆಗೊಮ್ಮೆ ಸೊಲೂಶನ್ ಸವರಿಸಿ, ನಾನು ಅವಸರ ಮಾಡಿದಾಗ ಕೈ ಹಿಡಿದು ನಿಲ್ಲಿಸಿದಳು. “ಹಪ್ಪಳ ಒಣಗೇತೋ ಇಲ್ಲೋ ಹ್ಯಾಂಗ ಮುಟ್ಟಿ ನೋಡ್ತೀವಿ, ಹಂಗ ನೋಡ್ರಿ. ಬೆರಳಿಗೆ ಹತ್ತಬಾರದು. ಆಮ್ಯಾಲ ಹಚ್ರಿ.” ಆ ಹಾಳೆ ಇವತ್ತಿಗೂ ಬಿದ್ದಿಲ್ಲ.

ಆದರೆ ಬೆಳ್ಳಿಯ ಹೊಳಪು ಆಕೆಯ ಕಣ್ಣಿಗೆ ಹಿಡಿಸಲಿಲ್ಲ. ಮಿಠಾಯಿ ಡಬ್ಬಿಯೊಳಗೆ ಕುಳಿತ ಹಾಗೆ ಆಗುತ್ತದೆ ಎಂದಳು. ಹಳೆಯ ಪೇಪರುಗಳನ್ನು ಛಾವಣಿಗೆ ಒತ್ತಿ ಹಿಡಿದು, ಕುಪ್ಪಸಕ್ಕೆ ಅಳತೆ ತೆಗೆದ ಹಾಗೆ ಕತ್ತರಿಸಿಕೊಂಡಳು. ಆ ಅಳತೆಗೆ ಮೂರು ಭಾಗ ಮಾಡಿ ಕೌದಿ ಹೊಲಿದಳು. ಅದರಲ್ಲಿ ಆಕೆಯ ಎರಡು ಗಜೇಂದ್ರಗಡದ ಸೀರೆಗಳಿವೆ, ನನ್ನ ಖಾಕಿ ಪ್ಯಾಂಟಿದೆ, ಆಕೆಯ ಅವ್ವನ ಇಲಕಲ್ ಸೀರೆಯ ಸೆರಗಿನ ಒಂದು ಕೆಂಪು ತುಂಡಿದೆ. ಬೆನ್ನಿಗೆ ಅಡ್ಡಡ್ಡ ಪಟ್ಟಿ ಹಚ್ಚಿ, ಪರಕಾರಕ್ಕೆ ಲಾಡಿ ಪೋಣಿಸುವ ಹಾಗೆ, ಬುಟ್ಟಿ ಹೆಣೆಯುವವರಿಂದ ತಂದ ಬಿದಿರಿನ ಸೀಳುಗಳನ್ನು ಪೋಣಿಸಿದಳು. ಸೀಳಿನ ಎರಡೂ ತುದಿಗಳನ್ನು ಛಾವಣಿಯ ಅಂಚಿಗೆ ಸಿಕ್ಕಿಸಿದರೆ ಅದು ಬಿಲ್ಲಿನಂತೆ ಬಾಗಿ, ಬಟ್ಟೆಯನ್ನು ಬಿಗಿಯಾಗಿ ಮೇಲೆ ಹಿಡಿಯುತ್ತದೆ. ಫೋಮಿಗೂ ಬಟ್ಟೆಗೂ ನಡುವೆ ಎರಡು ಬೆರಳು ಜಾಗ. “ಇವು ಜಂತಿ” ಎಂದಳು, ಬಿದಿರನ್ನು ತೋರಿಸಿ. ಆಗ ನನಗೆ ತಿಳಿಯಿತು, ಆಕೆ ನನ್ನ ಜೀಪಿನಲ್ಲಿ ಪುರ್ತಗೇರಿಯ ಮನೆಯನ್ನು ಕಟ್ಟಿದ್ದಳು.

ಕೊನೆಗೆ ಒಂದು ಮೂಲೆ ಉಳಿಯಿತು, ಚಾಲಕನ ತಲೆಯ ಮೇಲಿನದು. ಅದನ್ನು ಹೊಲಿಯುವ ಮೊದಲು ಒಂದು ಹಿಡಿ ಜೋಳ ತಂದು ಒಳಗೆ ಹಾಕಿದಳು. ಆಕೆಯ ತವರಿನಲ್ಲಿ ಹಾಗೆ ಮಾಡುತ್ತಿದ್ದರಂತೆ. ಕೌದಿಯ ಹೊಟ್ಟೆ ತುಂಬಿಸಿಯೇ ಕೊನೆಯ ಟಾಕಿ, ಎಂದರೆ ಕೊನೆಯ ಹೊಲಿಗೆ, ಹಾಕಬೇಕು. ಹಸಿದ ಕೌದಿ ಹೊದ್ದವರನ್ನು ಕಾಯುವುದಿಲ್ಲ.

“ಇಲಿ ಬಂದಾವು ನೀಲವ್ವ” ಎಂದೆ.

“ಬರ್ಲಿ. ಮಂದಿ ಸಿಗದ ದಿನ ಅವನ್ನರ ಹತ್ತಿಸಿಕೊಂಡ ಹೋಗ್ರಿ.”

ಒಳಗೆ ತಂಪಾಯಿತು ಎಂದರೆ ಸುಳ್ಳಾದೀತು. ನಮ್ಮ ಏಪ್ರಿಲ್ ತಿಂಗಳು ಯಾರ ಕೌದಿಗೂ ಅಷ್ಟು ಬಗ್ಗುವುದಿಲ್ಲ. ಕುಳಿತುಕೊಳ್ಳಬಹುದಾದಷ್ಟು ಬಿಸಿಯಾಯಿತು, ಅದೇ ದೊಡ್ಡದು. ಫ್ಯಾನಿನ ಇಂಜಿನಿಯರೊಬ್ಬರು ತಮ್ಮ ಕಂಪನಿಯ ತಣ್ಣನೆಯ ಗಾಡಿ ಬಿಟ್ಟು ನನ್ನದರಲ್ಲಿ ಗುಡ್ಡ ಇಳಿದರು, ದಾರಿಯುದ್ದಕ್ಕೂ ಮೇಲೆಯೇ ನೋಡುತ್ತ. ಆದರೆ ನಾನು ನೆನೆಸುವುದು ಬೇರೆಯದನ್ನು. ಮೊದಲು ಜೀಪಿನೊಳಗೆ ತಗಡಿನ ಬಡಿತಕ್ಕೆ ಮಾತು ಕೇಳುತ್ತಿರಲಿಲ್ಲ. ಮಳೆ ಬಂದರಂತೂ ಮುಗಿಯಿತು. ಕೌದಿ ಬಂದ ಮೇಲೆ ಸಪ್ಪಳವೂ ತಗ್ಗಿತು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ನಾವಿಬ್ಬರೂ ಮಾತನಾಡತೊಡಗಿದೆವು. ಮನೆಯಲ್ಲಿ ಆಕೆಗೆ ಒಲೆ, ನನಗೆ ಕಟ್ಟೆ. ಜೀಪಿನಲ್ಲಿ ಇಬ್ಬರಿಗೂ ಹೋಗಲು ಬೇರೆ ಜಾಗವಿರಲಿಲ್ಲ. ಬಿಡುವಿನ ದಿನ ನರಗುಂದದ ಗುಡ್ಡ ಕಾಣುವವರೆಗೆ ಹೋಗಿ, ಕಾಲುವೆಯ ಬದಿಗೆ ನಿಲ್ಲಿಸಿ, ರೊಟ್ಟಿ ಬುತ್ತಿ ತಿಂದು ಬರುತ್ತಿದ್ದೆವು. ಹೋಗುವಾಗ ಆಕೆಯ ಮಾತು, ಬರುವಾಗ ನನ್ನದು. ಆಕೆಯದು ಹೆಚ್ಚು ಇರುತ್ತಿತ್ತು, ಬರುವ ದಾರಿಯಲ್ಲೂ ಅರ್ಧ ತೆಗೆದುಕೊಳ್ಳುತ್ತಿದ್ದಳು.

ಹೋದ ವರ್ಷ ದೀಪಾವಳಿಗೆ ಮೊದಲು ಆಕೆಗೆ ಉಸಿರಿನ ತ್ರಾಸು ಬಂತು. ಗದಗಿನ ದವಾಖಾನಿಗೆ ಇದೇ ಜೀಪಿನಲ್ಲಿ ಒಯ್ದೆ. ಹಿಂದಿನ ಉದ್ದ ಸೀಟಿನ ಮೇಲೆ ಹಾಸಿ, ಮುಂದಕ್ಕೆ ಮುಖ ಮಾಡಿ ಒರಗಿಸಿದ್ದೆ. ಗದಗ ಹತ್ತಿರ ಬಂದಾಗ ಹಿಂದಿನಿಂದ ಆಕೆಯ ದನಿ ಕೇಳಿತು.

“ನಿಮ್ಮ ತಲಿ ಮ್ಯಾಲಿನ ಮೂಲ್ಯಾಗ ಒಂದು ಟಾಕಿ ಬಿಟ್ಟೈತಿ ನೋಡ್ರಿ.”

“ಇರ್ಲಿ ಬಿಡು, ನೀ ಸುಮ್ನ ಮಲ್ಕೋ.”

“ಬಂದ ಮ್ಯಾಲ ಹಾಕ್ತೀನಿ. ನೀವು ಕೈ ಹಚ್ಚಬ್ಯಾಡ್ರಿ ಮತ್ತ, ಇದ್ದದ್ದೂ ಬಿಚ್ಚೀತು.”

ಬರುವಾಗ ಆಕೆ ನನ್ನ ಜೀಪಿನಲ್ಲಿ ಬರಲಿಲ್ಲ.

ಆ ಟಾಕಿಯನ್ನು ನಾನು ಹಾಗೆಯೇ ಬಿಟ್ಟೆ. ಯಾರಾದರೂ ಬೆರಳು ತೋರಿಸಿದರೆ ಮಾತು ತಿರುಗಿಸಿದೆ. ಹಾಕುತ್ತೇನೆಂದವಳು ಹಾಕಲಿ ಎಂಬಂತೆ ಕಾದೆ. ಇದರ ನಡುವೆ ಟಾಪಿಗೆ ತುಕ್ಕು ಹಿಡಿದು ಎರಡು ತೂತಾದವು. ಮಳೆಗೆ ನೀರು ಇಳಿದು ಆ ಮೂಲೆ ನೆನೆಯಿತು, ಒಣಗಿತು, ಮತ್ತೆ ನೆನೆಯಿತು. ಗಜೇಂದ್ರಗಡದ ವೆಲ್ಡಿಂಗಿನ ದಾವಲಸಾಬ ಒಂದೇ ಮಾತು ಹೇಳಿದ. “ಬಟ್ಟಿ ಕಿತ್ತ ಹಾಕ್ರಿ. ತೂತಿನ ಸುತ್ತ ಫೋಮೂ ಕೆತ್ತಬೇಕು. ಇವು ಇದ್ದಲ್ಲೆ ಕಿಡಿ ಬಿದ್ರ ಗಾಡಿನ ಉಳಿಯಂಗಿಲ್ಲ.” ಎರಡು ಸಲ ಅವನ ಅಂಗಳದಿಂದ ಹಾಗೆಯೇ ತಿರುಗಿ ಬಂದಿದ್ದೆ. ಬಿಚ್ಚಿದರೆ ಆಕೆಯ ಕೈಕೆಲಸ ಹರಿಯುತ್ತದೆ, ಬಿಚ್ಚದಿದ್ದರೆ ಕೊಳೆಯುತ್ತದೆ. ಮೂರನೆಯ ದಾರಿ ನನಗೆ ಕಾಣುತ್ತಿರಲಿಲ್ಲ.

ಅದಕ್ಕೇ ಹೋದ ವಾರ ಆ ಎರಡು ಕಾಳು ಬಿದ್ದಾಗ ಗಾಡಿ ನಿಲ್ಲಿಸಿದ್ದು. ಕೌದಿಯ ಹೊಟ್ಟೆ ಬರಿದಾಗತೊಡಗಿತ್ತು. ಅಲ್ಲಿಂದ ನೆಟ್ಟಗೆ ದಾವಲಸಾಬನ ಅಂಗಳಕ್ಕೆ ಹೋದೆ.

“ನಾನ ಬಿಚ್ಚತೀನಿ” ಎಂದೆ.

“ಬಿಚ್ಚೂದೇನ್ರಿ ಅಣ್ಣಾರ, ಜಗ್ಗಿದ್ರ ಹರದ ಬರತೈತಿ.”

ನನ್ನ ಮುಖ ನೋಡಿ ಪಕ್ಕಕ್ಕೆ ಸರಿದ. ನಾನು ಸೀಟಿನ ಮೇಲೆ ಮೊಣಕಾಲೂರಿ, ಅಂಚಿನಲ್ಲಿ ಬೆರಳು ತೂರಿಸಿ ಹೊಲಿಗೆ ಹುಡುಕಿದೆ. ಹೊಲಿಗೆ ಸಿಗಲಿಲ್ಲ, ಬಿದಿರನ್ನು ಅಂಚಿಗೆ ಕಟ್ಟಿದ್ದ ಲಾಡಿಯ ಒಂದು ತುದಿ ಸಿಕ್ಕಿತು. ಎಳೆದೆ. ಗಂಟು ಸರಕ್ಕನೆ ಬಿಚ್ಚಿತು. ಒಂದಾದ ಮೇಲೊಂದು ಎಲ್ಲವೂ ಜಾರುಗಂಟುಗಳು. ಬಿದಿರು ಸಡಿಲಾಯಿತು, ಕೌದಿಯ ಮೊದಲ ಭಾಗ ಎಲ್ಲಿಯೂ ಹರಿಯದೆ ನನ್ನ ಮಡಿಲಿಗೆ ಬಂತು. ತಿರುಗಿಸಿ ನೋಡಿದರೆ ಬೆನ್ನಿಗೆ ಕೆಂಪು ದಾರದಲ್ಲಿ ಒಂದು ಗೀಟು. ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಪ್ರತಿಯೊಂದರ ಮುಂದಿನ ಅಂಚಿಗೆ ಒಂದು ಪುಟ್ಟ ಸೂರ್ಯ, ಹಿಂದಿನದಕ್ಕೆ ಚಂದ್ರ.

ಆಗ ನೆನಪಾಯಿತು. ಪ್ರತಿ ವರ್ಷ ಮಹಾನವಮಿಯ ಮುಂಚೆ ಮನೆಯ ಕೌದಿಗಳನ್ನೆಲ್ಲ ಒಗೆಯುವಾಗ ಆಕೆ ಕೇಳುತ್ತಿದ್ದಳು, ಜೀಪಿನದನ್ನೂ ಒಗೆಯಲಾ ಎಂದು. ಜೀಪಿನ ಮಾಳಿಗೆಯನ್ನು ಯಾರಾದರೂ ಒಗೆಯುತ್ತಾರೇನು ಎಂದು ನಾನು ನಗುತ್ತಿದ್ದೆ. ಬಿಚ್ಚಲು ಬರುವ ಹಾಗೆಯೇ ಹೊಲಿದಿದ್ದಾಳೆ ಎಂದು ಒಮ್ಮೆಯೂ ಹೊಳೆಯಲಿಲ್ಲ. ಬಿಚ್ಚಿದವನು, ಆತ ಎಂಥ ದಡ್ಡನಿದ್ದರೂ, ತಿರುಗಿ ಕೂರಿಸಲಿ ಎಂದು ಗುರುತು ಬೇರೆ ಹಾಕಿದ್ದಳು.

ದಾವಲಸಾಬ ಕೈ ಒರೆಸಿಕೊಂಡು ಬಂದು ಗಂಟುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. “ನಾನೂ ಭಾಳ ಗಾಡಿ ಬಿಚ್ಚೇನ್ರಿ. ಮುಂದ ಬಿಚ್ಚಾವರ ಸಲುವಾಗಿ ಹಿಂಗ ವಿಚಾರ ಮಾಡಿದ್ದು ಯಾವ ಕಂಪನಿಯೊಳಗೂ ನೋಡಿಲ್ಲ” ಎಂದ. ವೆಲ್ಡಿಂಗ್ ಮುಗಿಯುವವರೆಗೆ ಅವನು ಆ ಕೌದಿಗಳನ್ನು ಅಂಗಳದಲ್ಲಿ ಇಡಗೊಡಲಿಲ್ಲ. ಒಳಗೆ ತನ್ನ ಕುರ್ಚಿಯ ಮೇಲೆ ಇಟ್ಟ.

ಮನೆಗೆ ತಂದು ಮೂರನ್ನೂ ಒಗೆದೆ. ತೂತಿನ ಹತ್ತಿರ ಕೆತ್ತಿದ ಫೋಮಿಗೆ ಹೊಸ ತುಂಡು ಹಚ್ಚುವಾಗ ಮೊದಲು ಕಡಲೆಹಿಟ್ಟಿನಿಂದ ತಗಡು ತಿಕ್ಕಿದೆ, ಅಂಟು ಹಪ್ಪಳದಂತೆ ಒಣಗುವವರೆಗೆ ಕಾದೆ. ಒಂದು ಗೀಟಿನದನ್ನು ಮುಂದೆ, ಮೂರು ಗೀಟಿನದನ್ನು ಹಿಂದೆ ಕೂರಿಸಿದೆ. ಉಳಿದದ್ದು ಆ ಮೂಲೆ. ಅಡುಗೆಮನೆಯಲ್ಲಿ ಆಕೆ ಹಸನು ಮಾಡಿಟ್ಟ ಜೋಳ ಡಬ್ಬಿಯ ತಳದಲ್ಲಿ ಇನ್ನೂ ಇತ್ತು, ಬೀಸಲು ಹಾಕಲು ನನಗೆ ಮನಸ್ಸಾಗಿರಲಿಲ್ಲ. ಅದರಿಂದ ಒಂದು ಹಿಡಿ ತೆಗೆದುಕೊಂಡೆ. ಕಿಸೆಯಲ್ಲಿದ್ದ ಎರಡು ಕಾಳನ್ನೂ ಅದರಲ್ಲಿ ಬೆರೆಸಿದೆ. ದಬ್ಬಣಕ್ಕೆ ದಾರ ಪೋಣಿಸುವುದಕ್ಕೇ ಅರ್ಧ ತಾಸು ಹಿಡಿಯಿತು. ಕೈ ಹಚ್ಚಬೇಡಿ ಎಂದಿದ್ದಳು. ಇದೊಂದು ಸಲ ಮಾತು ಮೀರಿದೆ.

ಇವತ್ತು ಗಜೇಂದ್ರಗಡದ ಸಂತೆಗೆ ಹೊರಟಿದ್ದ ಒಬ್ಬ ಅಜ್ಜಿ ದಾರಿಯಲ್ಲಿ ಕೈ ಮಾಡಿದಳು. ಹತ್ತಿಸಿಕೊಂಡೆ. ಸ್ವಲ್ಪ ಹೊತ್ತು ಮೇಲೆ ನೋಡುತ್ತ ಕುಳಿತು, ಕೆಂಪು ಸೆರಗಿನ ತುಂಡನ್ನು ಮುಟ್ಟಿ ನೋಡಿ, ಆಮೇಲೆ ಕೇಳಿದಳು.

“ಎಲ್ಲಾ ಕಡೆ ಮುತ್ತು ಪೋಣಿಸಿದಂಗ ಹೊಲದು, ಈ ಒಂದು ಮೂಲಿ ಯಾಕೋ ತಮ್ಮಾ ಹಿಂಗ?”

“ಉಳದದ್ದೆಲ್ಲಾ ನನ್ನ ಹೆಂಡತಿ ಹೊಲದದ್ದಬೇ. ಈ ಮೂಲಿ ಅಷ್ಟ ನಾ ಹೊಲದೇನಿ.”

“ಗೊತ್ತಾಗತೈತಿ ಬಿಡು” ಎಂದಳು ಅಜ್ಜಿ.

ನಾನು ನಕ್ಕುಬಿಟ್ಟೆ. ಆ ಜೀಪಿನಲ್ಲಿ ನಗದೆ ಒಂದು ವರ್ಷವಾಗಿತ್ತು. ಅಜ್ಜಿ ಸಂತೆಯವರೆಗೆ ಮಾತನಾಡಿದಳು, ನಡುನಡುವೆ ನಾನೂ ಆಡಿದೆ. ಮಧ್ಯಾಹ್ನದ ಬಿಸಿಲು ತಗಡಿನ ಆಚೆಯೇ ಇತ್ತು.