ಪೂರ್ವದ ಸಾಲಿನ ದೀಪಗಳು

ಭಾಲ್ಕಿಯ ಮಹಮೂದಾ ಬೇಗಂ ಅವರ ಹೊಸ ಫಂಕ್ಷನ್ ಹಾಲ್‌ನಲ್ಲಿ ದೀಪ ಹಾಕಿ ಮೂರು ವಾರ ಕಳೆಯುವಷ್ಟರಲ್ಲಿ ಒಂಬತ್ತು ಸತ್ತವು. ಎರಡು ವರ್ಷದ ವಾರಂಟಿಯ ದೀಪಗಳು ಅವು. ಡಬ್ಬಿ ಒಡೆದು, ಏಣಿ ಹತ್ತಿ, ಒಂದೊಂದನ್ನೂ ಸೀಲಿಂಗಿಗೆ ಕೂರಿಸಿದವಳು ಆಮ್ರಪಾಲಿ. ವಿಚಿತ್ರವೆಂದರೆ ಸತ್ತವೆಲ್ಲ ಪೂರ್ವದ ಸಾಲಿನವೇ. ಪಶ್ಚಿಮದ ಸಾಲು ತನಗೇನೂ ಸಂಬಂಧವಿಲ್ಲವೆಂಬಂತೆ ಉರಿಯುತ್ತಿತ್ತು.

ಬೇರೆ ಸಮಯವಾಗಿದ್ದರೆ ಅವಳು ಇಷ್ಟು ಕಂಗಾಲಾಗುತ್ತಿರಲಿಲ್ಲ. ಔರಾದದಲ್ಲಿ ಏಳುತ್ತಿದ್ದ ಹೊಸ ದವಾಖಾನೆಯ ವೈರಿಂಗನ್ನು ಗುತ್ತಿಗೆದಾರ ಮಚ್ಛೇಂದ್ರ ಅವಳ ಹೆಸರಿಗೇ ಕೊಡುತ್ತೇನೆಂದಿದ್ದ. ಹದಿನಾಲ್ಕು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದವಳಿಗೆ ಸ್ವಂತ ಹೆಸರಿನ ಮೊದಲ ಕೆಲಸ. ಭಾಲ್ಕಿಯಲ್ಲಿ ಅವಳ ಕೆಲಸ ನೋಡಿಯೇ ಅವನು ಮನಸ್ಸು ಮಾಡಿದ್ದು. ಇಲ್ಲಿ ದೀಪ ಹೋದರೆ ಅಲ್ಲಿ ಕೆಲಸ ಹೋದಂತೆಯೇ.

ಆಮ್ರಪಾಲಿ ಕಮಲನಗರದವಳು. ಬೀದರಿನ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿತವರಲ್ಲಿ ಆ ವರ್ಷ ಅವಳೊಬ್ಬಳೇ ಹೆಣ್ಣುಮಗಳು. ಕಲಿತು ಹೊರಬಂದು ಕೆಲಸ ಕೇಳಿದಲ್ಲೆಲ್ಲ ಬಿಲ್ ಬರೆಯಲು ಕೂರು ಎಂದರು. ಒಬ್ಬ ಮಹಾಶಯ ಚಹಾ ಮಾಡಲು ಬರುತ್ತದೆಯೇ ಎಂದು ಕೇಳಿದ. ಅವಳನ್ನು ಏಣಿ ಹತ್ತಿಸಿದವರು ಬೀದರಿನ ಹಳೆಯ ವೈರಿಂಗ್ ಮೇಸ್ತ್ರಿ ಸ್ಯಾಮ್ಸನ ಒಬ್ಬರೇ. ಅಲ್ಲಿನ ಮಂಗಲಪೇಟೆಯ ಅವರ ಮನೆಯಲ್ಲಿ ಹೆಂಡತಿ ಲಿಡಿಯಾ ಅವಳಿಗೆ ತಾಟು ಹಾಕದ ಮಧ್ಯಾಹ್ನವಿರಲಿಲ್ಲ. ಕ್ರಿಸ್‌ಮಸ್ಸಿಗೆ ಅವಳಿಗೊಂದು ಸೀರೆ, ಊರಲ್ಲಿದ್ದ ತಾಯಿ ಭಾಗೀರಥಿಬಾಯಿಗೂ ಒಂದು. ಕಾಕಾ, ಕಾಕು, ಅಂದರೆ ಚಿಕ್ಕಪ್ಪ, ಚಿಕ್ಕಮ್ಮ ಎಂದು ಅವಳು ಕರೆಯುತ್ತಿದ್ದದ್ದು ಬಾಯಿಮಾತಿಗಲ್ಲ.

ಕಲಿಸುವುದರಲ್ಲಿ ಸ್ಯಾಮ್ಸನ ಕಟ್ಟುನಿಟ್ಟು. ತಂತಿಗಳು ಕೂಡುವ ಯಾವ ಡಬ್ಬಿ ತೆರೆದರೂ ಮುಚ್ಚಳದ ಒಳಬದಿಗೆ ಪೆನ್ಸಿಲಿನಿಂದ ಹೆಸರಿನ ಮೊದಲಕ್ಷರ, ತಾರೀಖು ಬರೆಯಬೇಕು. ನಾಳೆ ಏನಾದರೂ ಕೆಟ್ಟರೆ ಯಾರನ್ನು ಕೇಳಬೇಕೆಂಬುದು ಗೊತ್ತಿರಬೇಕು ಎನ್ನುತ್ತಿದ್ದರು. ಇನ್ನೊಂದು ಕಟ್ಟಳೆ ಯಾರೂ ಹೇಳಿಕೊಡದೆ ಬಂದದ್ದು. ಉಸ್ತಾದರು ಬಿಗಿದ ಜೋಡಣೆಯನ್ನು ಶಿಷ್ಯರು ಬಿಚ್ಚಿ ನೋಡುವುದಿಲ್ಲ. ನೋಡಿದರೆ ಅವರ ಮುಖದ ಮೇಲೆ ಹೊಡೆದ ಹಾಗೆ.

ಮೊದಲು ಅವಳ ಅನುಮಾನ ಹೋದದ್ದು ದೀಪಗಳ ಮೇಲೆ. ಸತ್ತವನ್ನು ಬದಲಾಯಿಸಿದಳು; ಮುಂದಿನ ಮದುವೆಗೆ ಹೊಸವೂ ಸತ್ತವು. ಪಶ್ಚಿಮದ ನಾಲ್ಕು ದೀಪಗಳನ್ನು ಪೂರ್ವಕ್ಕೆ, ಪೂರ್ವದಲ್ಲಿ ಬದುಕುಳಿದಿದ್ದ ನಾಲ್ಕನ್ನು ಪಶ್ಚಿಮಕ್ಕೆ ಹಾಕಿದಳು. ಪೂರ್ವಕ್ಕೆ ಬಂದವು ಸತ್ತವು, ಪಶ್ಚಿಮಕ್ಕೆ ಹೋದವು ಬದುಕಿದವು. ಅಂದರೆ ದೀಪದ ತಪ್ಪಲ್ಲ. ಅಷ್ಟು ದಿನ ದೀಪ ಬದಲಾಯಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಸೀಲಿಂಗಿನ ಒಳಗೆ ಕಾವು ಕೂತಿದೆಯೇ ಎಂದು ಕೈಯಿಟ್ಟಳು, ತಂಪಾಗಿತ್ತು. ತನ್ನ ಡಬ್ಬಿಗಳನ್ನೆಲ್ಲ ತೆರೆದು ಜೋಡಣೆ ಎಳೆದು ನೋಡಿ, ಮುಚ್ಚಳಕ್ಕೆ ತಾರೀಖು ಬರೆದು ಮುಚ್ಚಿದಳು. ಮೀಟರು ಹಿಡಿದರೆ ಇನ್ನೂರ ಮೂವತ್ತೆರಡು ವೋಲ್ಟ್, ಇರಬೇಕಾದಷ್ಟೇ.

ಒಂದು ಮಧ್ಯಾಹ್ನ ಅವಳಿಗೆ ಹೊಳೆಯಿತು. ತಾನು ಮೀಟರು ಹಿಡಿಯುತ್ತಿರುವುದು ಜನವಿಲ್ಲದ ಖಾಲಿ ಕಟ್ಟಡದಲ್ಲಿ. ದೀಪ ಸಾಯುವುದು ಮದುವೆಯಲ್ಲಿ, ಎಸಿಗಳೆಲ್ಲ ಓಡುವಾಗ. ಬೇಗಂ ಅವರನ್ನು ಕೇಳಿ ಏಳೂ ಎಸಿ ಹಾಕಿಸಿ ಪೂರ್ವದ ಸಾಲಿಗೆ ಮತ್ತೆ ಮೀಟರು ಹಿಡಿದಳು. ಅಂಕಿ ಏರುತ್ತ ಹೋಗಿ ಇನ್ನೂರ ತೊಂಬತ್ತಕ್ಕೆ ನಿಂತಿತು. ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ. ಮೂರು ಫೇಸುಗಳನ್ನು ಸಮವಾಗಿ ಹಿಡಿದಿಡುವ ತಂತಿ ಅದು. ಅದರ ಹಿಡಿತ ತಪ್ಪಿದರೆ ಒಂದು ಕಡೆ ಭಾರ ಬಿದ್ದಾಗ ಇನ್ನೊಂದು ಕಡೆ ವೋಲ್ಟೇಜ್ ಏರುತ್ತದೆ, ಆ ಕಡೆಯ ದೀಪಗಳು ಸುಡುತ್ತವೆ.

ನ್ಯೂಟ್ರಲ್ ಬಂದು ಸೇರುವುದು ಮೇನ್ ಪ್ಯಾನೆಲಿನಲ್ಲಿ. ಹಾಲ್‌ನ ಕೆಲಸ ಹಿಡಿದಿದ್ದ ಸ್ಯಾಮ್ಸನ ಸೀಲಿಂಗನ್ನು ಅವಳಿಗೆ ಬಿಟ್ಟು, ಅದನ್ನು ತಾವೇ ಬಿಗಿದಿದ್ದರು. ಆಮ್ರಪಾಲಿ ಪ್ಯಾನೆಲಿನ ಮುಂದೆ ನಿಂತು, ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ ಫೋನು ತೆಗೆದಳು.

“ಕಾಕಾ, ಎಸಿ ಹಾಕಿದ್ರ ಎರಡ್ನೂರಾ ತೊಂಬತ್ತು ತೋರಸ್ಲತ್ತದ್ರಿ. ಮೇನಿನ್ಯಾಗ ನ್ಯೂಟ್ರಲ್ ಒಮ್ಮಿ ನೋಡ್ಲೇನ್ರಿ?”

“ಅದು ನಾ ನನ್ನ ಕೈಲೆ ಬಿಗದದ್ದವ್ವ. ಲೈನಿನ ಕಡಿಂದೇ ಹಂಗ ಬರ್ಲತ್ತಿರಬೇಕು. ನೀ ಅಲ್ಲಿ ಕೈ ಹಚ್ಚಬ್ಯಾಡ, ನಾ ಕರೆಂಟಿನವ್ರಿಗಿ ಮಾತಾಡ್ತೇನಿ.”

ಅವಳು ಕೈ ಹಚ್ಚಲಿಲ್ಲ. ಈ ಇಡೀ ಪ್ರಕರಣದಲ್ಲಿ ಅವಳು ಮಾಡಿದ ತಪ್ಪು ಅದೊಂದೇ.

ನಾಲ್ಕು ದಿನ ಬಿಟ್ಟು ಬೇಗಂ ಅವರ ಫೋನು ಬಂತು. “ನಿನ್ನ ಮ್ಯಾಲ ನನಗ ಭಾಳ ಭರೋಸಾ ಇತ್ತು ಆಮ್ರಪಾಲಿ. ನೀ ಮ್ಯಾಲ ಮಾಡಿದ ಜೋಡಣಿ ಎಲ್ಲಾ ಲೂಸ್ ಇದ್ವು, ನಾ ಹೊಸದಾಗಿ ಬಿಗದೀನಿ ಅಂತ ಸ್ಯಾಮ್ಸನ ಸಾಬ್ರು ಹೇಳ್ಯಾರ. ನಿನ್ನೆ ನಿಕಾಹ್ ಆಯ್ತು, ಒಂದು ದೀಪಾನೂ ಹೋಗಿಲ್ಲ. ಇನ್ನ ನೀ ಬರೋದು ಬ್ಯಾಡ.”

ಭಾಲ್ಕಿಯ ಸುದ್ದಿ ಕೇಳಿದ ಮಚ್ಛೇಂದ್ರ ಅದೇ ಸಂಜೆ ಫೋನು ಮಾಡಿದ. “ದವಾಖಾನಿಗಿ ಬ್ಯಾರೆಯವ್ರನ್ನ ನೋಡ್ಲತ್ತೀನಿ. ರೋಗಿಗಳ ಜೀವದ ಮಾತದ, ತಪ್ಪು ತಿಳಕೋಬ್ಯಾಡ.”

ಎಲ್ಲಕ್ಕಿಂತ ಕೆಟ್ಟದ್ದೇನೆಂದರೆ ಅವಳೂ ಅದನ್ನು ನಂಬಿದಳು. ಕಾಕಾ ಸುಳ್ಳು ಹೇಳುವುದುಂಟೇ? ಎರಡು ದಿನ ತನ್ನ ಕೈಗಳನ್ನೇ ಶಪಿಸಿಕೊಂಡಳು. ಮೂರನೆಯ ದಿನ, ಏಣಿ ಉಳಿದಿದೆ ಎಂಬ ನೆವ ಹೇಳಿ ಭಾಲ್ಕಿಗೆ ಹೋದಳು. ಜಗಳಕ್ಕೆ ಹೋದದ್ದಲ್ಲ. ತಾನೆಲ್ಲಿ ಎಡವಿದೆ, ಕಾಕಾ ಅದನ್ನು ಹೇಗೆ ತಿದ್ದಿದರು ಎಂದು ನೋಡಿ ಕಲಿಯಲು ಹೋದಳು, ಹುಚ್ಚಿ.

ಸೀಲಿಂಗಿನ ಮೊದಲ ಡಬ್ಬಿ ತೆರೆದಳು. ಮುಚ್ಚಳದ ಒಳಬದಿಗೆ ಅವಳದೇ ಅಕ್ಷರ, ಅವಳದೇ ತಾರೀಖು, ಒಳಗೆ ಅವಳೇ ಸುತ್ತಿದ ಟೇಪು. ಎರಡನೆಯದೂ ಹಾಗೆಯೇ. ಹನ್ನೊಂದು ಡಬ್ಬಿ ತೆರೆದಳು. ಒಂದಕ್ಕೂ ಬೇರೆ ಕೈ ಸೋಕಿರಲಿಲ್ಲ. ಆಗ ಕೆಳಗಿಳಿದು ಬಂದು, ಬದುಕಿನಲ್ಲಿ ಮೊದಲ ಸಲ, ಉಸ್ತಾದರ ಜೋಡಣೆಯ ಮುಚ್ಚಳ ಬಿಚ್ಚಿದಳು.

ನ್ಯೂಟ್ರಲ್ ತಂತಿಯ ತುದಿಗೆ, ಅದನ್ನು ಒತ್ತಿ ಹಿಡಿಯುವ, ಹೊಳೆಯುವ ಹೊಸ ತಾಮ್ರದ ಲಗ್ ಇತ್ತು. ಹಳೆಯದು ಸುಟ್ಟು ಕರಿಯಾಗಿ ಪ್ಯಾನೆಲಿನ ತಳದಲ್ಲಿ ಬಿದ್ದಿತ್ತು. ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನ ದುಂಡು ಅಕ್ಷರ: ಸ್ಯಾ, ಒಂಬತ್ತನೆಯ ತಾರೀಖು. ಅವಳು ಫೋನು ಮಾಡಿದ್ದು ಎಂಟನೆಯ ತಾರೀಖಿಗೆ. ಅವಳು ಹೇಳಿದ ಮರುದಿನವೇ ಬಂದು ನೋಡಿದ್ದಾರೆ, ತಮ್ಮ ತಪ್ಪು ಕಂಡಿದ್ದಾರೆ, ತಿದ್ದಿದ್ದಾರೆ. ಇದ್ದದ್ದನ್ನು ಇದ್ದಂತೆ ಬರೆಯುವ ನಲವತ್ತು ವರ್ಷದ ಅಭ್ಯಾಸವನ್ನು ಅವರ ಕೈ ಮರೆತಿರಲಿಲ್ಲ, ಬಾಯಿ ಮರೆತಿತ್ತು.

ಅವಳು ಮುಚ್ಚಳದ ಫೋಟೊ ತೆಗೆದುಕೊಂಡು ಏಣಿಯನ್ನು ಅಲ್ಲೇ ಬಿಟ್ಟು ಬೀದರಿನ ಬಸ್ಸು ಹತ್ತಿದಳು.

ಸ್ಯಾಮ್ಸನ ಪಡಸಾಲೆಯಲ್ಲಿ ಕೂತಿದ್ದರು. “ಕಾಕಾ, ಮೇನ್ ತಗದು ನೋಡಿ ಬಂದೀನ್ರಿ,” ಎಂದಳು.

“ಲಗ್ ಸರಿ ಒತ್ತಿದ್ದಿಲ್ಲವ್ವ. ಕಣ್ಣು ಮೊದಲಿನಂಗಿಲ್ಲ. ಇಷ್ಟು ವರ್ಷದ ಹೆಸರದ, ಈ ವಯಸ್ಸಿನ್ಯಾಗ ಹೋದ್ರ ಮತ್ತ ಬರಂಗಿಲ್ಲ. ನೀ ಇನ್ನಾ ಸಣ್ಣಾಕಿ.”

“ಔರಾದದ್ದು ಹೋಯ್ತ್ರಿ.”

ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಲಿಡಿಯಾ ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು: “ಅವ್ರಿಗಿ ಏನೂ ಅನಬ್ಯಾಡವ್ವ. ನಿನ್ನ ಹೆಸರು ಹೇಳ್ರಿ ಅಂತ ನಾನೇ ಅಂದಿನಿ. ಹೊರಗಿನವ್ರ ಹೆಸರು ಹೇಳಿದ್ರ ಜಗಳ ಆಗ್ತಿತ್ತು. ನೀ ಮನಿ ಮಗಳು, ತಡ್ಕೊಳ್ತಿ ಅಂತ.”

ಬೇಲಿ ಎದ್ದು ಹೊಲ ಮೇಯುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲಿ ಬೇಲಿ ಮೇಯ್ದದ್ದೂ ಅಲ್ಲದೆ ಹೊಲಕ್ಕೆ ಸಮಾಧಾನ ಹೇಳುತ್ತಿತ್ತು. ಆಮ್ರಪಾಲಿಗೆ ಹದಿನಾಲ್ಕು ವರ್ಷ ತಾಟು ಹಾಕಿದ ಕೈಯೇ ಅದು. ಸ್ಯಾಮ್ಸನ ಒಬ್ಬರೇ ಆಗಿದ್ದರೆ ಹೇಗೋ ಸಹಿಸುತ್ತಿದ್ದಳೇನೋ.

“ಕೇಳಿದ್ರ ಹೊತ್ಕೊಳ್ತಿದ್ನಿ ಕಾಕು,” ಎಂದಳು. “ಒಂದು ಮಾತು ಕೇಳಿದ್ರ ಸಾಕಿತ್ತು, ತಪ್ಪು ನಂದೇ ಅಂತ ನಾನೇ ಹೋಗಿ ಹೇಳಿ ಬರ್ತಿದ್ನಿ. ಮಗಳಿಗಿ ಕೇಳ್ತಾರ್ರಿ. ನೀವು ಕೇಳಲಾರದ ತಗೊಂಡ್ರಿ.”

ಅದು ಸಿಟ್ಟಿನ ಮಾತಲ್ಲ, ನಿಜವಾದ ಮಾತು. ಅವಳು ಖಂಡಿತ ಹೊರುತ್ತಿದ್ದಳು. ಅದು ಅವರಿಬ್ಬರಿಗೂ ಗೊತ್ತಿತ್ತು.

ಆಮ್ರಪಾಲಿ ಅಲ್ಲಿಯೇ, ಅವರ ಎದುರಿಗೇ, ಬೇಗಂ ಅವರಿಗೆ ಫೋನು ಹಚ್ಚಿದಳು. “ನಾಳೆ ಮುಂಜಾನಿ ಬರ್ತೇನ್ರಿ. ಮೇನ್ ಪ್ಯಾನೆಲ್ ತಗದು ತೋರಿಸ್ತೇನಿ, ಮಚ್ಛೇಂದ್ರ ಅವ್ರಿಗೂ ಕರೀರಿ. ದೀಪ ಸುಟ್ಟಿದ್ದು ನನ್ನ ಜೋಡಣಿಯಿಂದ ಅಲ್ರಿ.”

“ಮತ್ತ ಯಾರದು?” ಎಂದರು ಬೇಗಂ.

ಲಿಡಿಯಾ ಬಂದು ಅವಳ ತೋಳು ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ.

“ಸ್ಯಾಮ್ಸನಂದು,” ಎಂದಳು. ಅವಳ ಬಾಯಲ್ಲಿ ಆ ಹೆಸರು ಕಾಕಾ ಇಲ್ಲದೆ ಬಂದದ್ದು ಅದೇ ಮೊದಲು.