ಮಾಸ್ತರರ ಸಿಟ್ಟಿಗೆ ರೆಫರಿ ಕೊಟ್ಟ ಕೆಲಸ

೧. ಸ್ಥಳ: ಸಿದ್ದಾಪುರದ ಶಾಲಾ ಮೈದಾನ.
೨. ಪಂದ್ಯ: ಬಾಸ್ಕೆಟ್‌ಬಾಲ್.
೩. ಗಾಯಾಳು: ಈ ಬರಹಗಾರ, ಉಳುಕಿದ್ದು ಬಲ ಪಾದ.

ಇಂದು ಶಿರಸಿಯ ಪಂದ್ಯದಲ್ಲಿ ಹುಡುಗಿಯೊಬ್ಬಳು ಬಿದ್ದಳು. ಮುಲಾಮಿನ ವಾಸನೆ ಬಂದೊಡನೆ ನನ್ನ ಶಾಲಾ ದಿನಗಳ ಮೇಲ್ಕಂಡ ಪಂದ್ಯ ನೆನಪಾಯಿತು.

ಅಂದು ನಾನು ಬಿದ್ದಾಗ ನಮ್ಮ ವ್ಯಾಯಾಮ ಮಾಸ್ತರರು ರೆಫರಿಯ ಮೇಲೆ ಏರಿಹೋದರು. "ದೂಡಿದ್ದು ಕಂಡಿದ್ದಿಲ್ಯ ನಿಂಗೆ? ಆನು ತಂಡ ವಾಪಸ್ ಕರ್ಕಂಡು ಹೋಗ್ತೆ."

ಹಾನಗಲ್ ಕಡೆಯ ರೆಫರಿ ಸೀಟಿಯನ್ನು ಜೇಬಿಗಿಟ್ಟು ಮುಲಾಮಿನ ಡಬ್ಬಿ ತೆಗೆದರು. "ಬರ್ರಿ ಸರ, ಮೊದಲ ಇವನ ಪಾದ ಅಲುಗಾಡದಂಗ ಹಿಡೀರಿ. ಆಮ್ಯಾಲೆ ಬೈರಿ, ನಾ ಎಲ್ಲೂ ಹೋಗಂಗಿಲ್ಲ."

ಮಾಸ್ತರರು ಕುಳಿತು ಪಾದ ಹಿಡಿದರು. ನನ್ನ ಮುಖ ನೋಡಿದೊಡನೆ ಅವರ ದನಿ ಇಳಿಯಿತು. "ನೋವು ಆಗ್ತನಾ ತಮಾ?" ಎಂದರು. ತಂಡ ಹೊರಡಲಿಲ್ಲ.

ಇಂದಿನ ರೆಫರಿ, ಕೂಗಾಡಿದ ತರಬೇತುದಾರರಿಗೆ ನಿಯಮದಂತೆ ಟೆಕ್ನಿಕಲ್ ಫೌಲ್, ಅಂದರೆ ಅಶಿಸ್ತಿನ ದಂಡ, ಕೊಟ್ಟರು. ಅವರಿಬ್ಬರೂ ವಾದಿಸುತ್ತಿದ್ದಾಗ, ಬಿದ್ದವಳ ಪಾದ ಹಿಡಿದು ಕುಳಿತವಳು ಎದುರು ತಂಡದ ಹುಡುಗಿ.

ಸಹಿ: ನಿವೃತ್ತ ಅರ್ಜಿ ಬರಹಗಾರ, ಇಸಳೂರು
ಲಗತ್ತು: ಮಾಸ್ತರರ ಜೊತೆಗಿನ ತಂಡದ ಭಾವಚಿತ್ರ, ಒಂದು.