ಗೋಲಿ ತುಂಬಿದ ಟರ್ಪೆಂಟೈನ್ ಸೀಸೆ

ಲಗ್ಗೆರೆಯ ಒಂದು ಕೋಣೆಯ ಮನೆಯಲ್ಲಿ, ಪೇಂಟರ್ ಮಲಕಪ್ಪನ ಟ್ರಂಕಿನೊಳಗೆ, ಹಳೆ ಸೀರೆ ಸುತ್ತಿದ ಗಾಜಿನ ಸೀಸೆಯೊಂದಿತ್ತು. ಅದರಲ್ಲಿ ಬಣ್ಣ ತೆಳುವಾಗಿಸುವ ಟರ್ಪೆಂಟೈನ್ ಎಣ್ಣೆ, ತಳದಲ್ಲಿ ಮಕ್ಕಳಾಡುವ ಗೋಲಿಗಳು. ಕಂಠದವರೆಗೆ ತುಂಬಿ ಮುಚ್ಚಳ ಬಿಗಿದವಳು ಅವನ ಹೆಂಡತಿ ಲಕ್ಷ್ಮವ್ವ. ಅವಳು ತೀರಿಕೊಂಡು ಐದು ವರ್ಷವಾಗಿತ್ತು. ಸೀಸೆಯನ್ನು ಮಲಕಪ್ಪ ಒಮ್ಮೆಯೂ ತೆರೆದಿರಲಿಲ್ಲ.

ವಿಜಯಪುರದ ಕಡೆಯಿಂದ ಬಂದು ಮೂವತ್ತು ವರ್ಷ ಅವನು ಪೀಣ್ಯದ ಕಾರ್ಖಾನೆ ಶೆಡ್ಡುಗಳಿಗೆ ಬೋರ್ಡು ಬರೆದವನು. ಒಳಗೆ ಏನು ತಯಾರಾಗುತ್ತದೋ ಅವನಿಗೆ ತಿಳಿಯದು, ಹೊರಗಿನ ಹೆಸರು ಮಾತ್ರ ಅವನದೇ ಕೈಬರಹ. ಆಗ ಸಿಗುತ್ತಿದ್ದುದು ಪೈನ್ ಮರದ ಅಂಟಿನಿಂದ ಇಳಿಸಿದ ಅಸಲಿ ಟರ್ಪೆಂಟೈನ್. ಬಣ್ಣಕ್ಕೆ ಬೆರೆಸಿದರೆ ಕೋಣೆಯೆಲ್ಲ ಕಾಡಿನ ವಾಸನೆ. ಕಾಡೇ ಕಾಣದ ಬಿಸಿಲುಸೀಮೆಯ ಗಂಡ ಹೆಂಡಿರಿಗೆ ಅದೇ ಸಂಸಾರದ ವಾಸನೆಯಾಯಿತು.

ಆದರೆ ಅರ್ಧ ಖಾಲಿಯಾದ ಸೀಸೆ ಬೇಗ ಕೆಡುತ್ತಿತ್ತು. ಒಳಗೆ ಉಳಿದ ಗಾಳಿಯಿಂದ ಆಮ್ಲಜನಕ ಹೀರಿ ಎಣ್ಣೆ ಹಳದಿಯಾಗಿ ಅಂಟಂಟಾಗುತ್ತಿತ್ತು. ಅದು ತಾಗಿದರೆ ಮಲಕಪ್ಪನ ಬೆರಳೆಲ್ಲ ತುರಿಕೆ, ಗುಳ್ಳೆ. ಚರ್ಮದ ಡಾಕ್ಟರು ಕುಂಚವನ್ನೇ ಬಿಡು ಎಂದಿದ್ದರು. ಉಪಾಯ ಹುಡುಕಿದವಳು ಲಕ್ಷ್ಮವ್ವ.

"ನಮ್ಮವ್ವ ಉಪ್ಪಿನಕಾಯಿ ಭರಣಿ ಎಂದೂ ಅರ್ಧ ಇಡ್ತಿರಲಿಲ್ರೀ. ಖಾಲಿ ಬಿಟ್ರ ಗಾಳಿ ಕುಡದು ಕೆಡತೈತಿ," ಎಂದು ಅಂಗಡಿಯಿಂದ ಒಂದು ಡಬ್ಬಿ ಗೋಲಿ ತಂದಳು. ಅವನು ಸುರಿದುಕೊಂಡಷ್ಟೂ ಅವಳು ಗೋಲಿ ಇಳಿಬಿಡುವಳು; ಎಣ್ಣೆ ಮತ್ತೆ ಕಂಠಕ್ಕೇರುವುದು. ಡಾಕ್ಟರ ಮಾತು ಸುಳ್ಳಾಯಿತು, ಕುಂಚ ಉಳಿಯಿತು.

ಮೊದಲೇ ಕೆಟ್ಟಿದ್ದ ಎಣ್ಣೆಯನ್ನೂ ಚೆಲ್ಲುವ ಪೈಕಿ ಅವಳಲ್ಲ. ಒಮ್ಮೆ ಅದಕ್ಕೆ ಬತ್ತಿ ಹಾಕಿ ದೀಪ ಹಚ್ಚಿದಳು. ದೀಪವೇನು, ಬೆಳಕಿಗಿಂತ ಹೊಗೆಯೇ ಜಾಸ್ತಿ! ಸೂರೆಲ್ಲ ಕಪ್ಪಾಗಿ, ಮನೆ ಓನರ್ ಸಿದ್ದಮ್ಮ ಬಂದು ಏಳೇಳು ಜನ್ಮದ ಬೈಗುಳ ಬೈದರು. ಅವರು ಹೋದ ಮೇಲೆ ಇವಳು ಏಣಿ ಹತ್ತಿ ಮಸಿ ಕೆರೆದಳು. ಮಲಕಪ್ಪ ಅದನ್ನು ಎಣ್ಣೆಯಲ್ಲಿ ಅರೆದು ಒಂದು ಬೋರ್ಡಿನ ಅಕ್ಷರಗಳಿಗೆ ನೆರಳು ಬಿಡಿಸಿದ. ಕಸದಿಂದ ರಸ ಎಂದರೆ ಇದೇ ಎಂದು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಆಮೇಲೆ ಫ್ಲೆಕ್ಸ್ ಬಂತು. ಅದೂ ಒಂದು ಬೋರ್ಡೇ? ಎರಡು ಮಳೆಗಾಲಕ್ಕೆ ಚಿಂದಿ! ಮಲಕಪ್ಪ ಒಂದು ಗೋದಾಮಿಗೆ ಕಾವಲುಗಾರನಾದ.

ಈಚೆಗೆ ಒಂದು ದಿನ, ಆ ಮಸಿಯ ನೆರಳಿನ ಬೋರ್ಡು ಇದ್ದ ಲೇತ್ ಶೆಡ್ಡಿನ ಈಗಿನ ಮಾಲೀಕ ಶಿವಶಂಕರ್ ಹುಡುಕಿಕೊಂಡು ಬಂದ.

"ಮಲಕಪ್ಪಣ್ಣ, ನಮ್ಮಪ್ಪ ಬರೆಸಿದ್ದ ಬೋರ್ಡ್ ಮಾಸಿಹೋಗಿದೆ. ಫ್ಲೆಕ್ಸ್ ಬೇಡ ಕಣಣ್ಣ, ನೀವೇ ಬರ್ಕೊಡಿ."

ಮಲಕಪ್ಪ ಬಣ್ಣದಂಗಡಿಗೆ ಹೋದ. ಈಗ ಅಲ್ಲಿ ಕೊಡುವುದು ಪೆಟ್ರೋಲಿಯಂನಿಂದ ಬಂದ ಟರ್ಪೆಂಟೈನ್. ಕಲೆಸಿ ಒಂದು ಅಕ್ಷರ ಎಳೆದು ನೋಡಿದ. ಅದರಲ್ಲಿ ಕುಂಚ ಹರಿಯದು ಎಂದು ಅವನ ಹಟ. ಅಸಲಿ ಇದ್ದುದು ಟ್ರಂಕಿನಲ್ಲಿ ಮಾತ್ರ. ತೆರೆದರೆ ಗಾಳಿ ಹೊಕ್ಕು ಅವಳು ಕಾಪಾಡಿಟ್ಟಿದ್ದು ಅಂದಿನಿಂದಲೇ ಕೆಡತೊಡಗುತ್ತದೆ. ತೆರೆಯದಿದ್ದರೆ ಅವಳು ಕೆರೆದ ಮಸಿಯ ಬೋರ್ಡಿನ ಮೇಲೆ ಫ್ಲೆಕ್ಸ್ ಬೀಳುತ್ತದೆ. ಎರಡು ದಿನ ಅವನಿಗೆ ಊಟ ರುಚಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸೀಸೆ ಕೊಂಡೊಯ್ದು, ಶೆಡ್ಡಿನ ಮುಂದೆ ಏಣಿ ಹಾಕಿ, ಮುಚ್ಚಳ ತಿರುವಿದ. ಎಣ್ಣೆ ನೀರಿನಷ್ಟೇ ತಿಳಿ. ವಾಸನೆ ಮೂಗಿಗೆ ಬಡಿದದ್ದೇ ತಡ, ಮುದುಕ ಮಕ್ಕಳಂತೆ ಅತ್ತ.

"ಯಾಕಣ್ಣ, ಹುಷಾರಿಲ್ವಾ?" ಎಂದ ಶಿವಶಂಕರ್.

"ಏನಿಲ್ರೀ. ಛಲೋ ಐತಿ, ಕೆಟ್ಟಿಲ್ಲ."

ಸುರಿದುಕೊಂಡಷ್ಟೂ ಲಕ್ಷ್ಮವ್ವನ ಡಬ್ಬಿಯಿಂದ ಗೋಲಿ ಇಳಿಬಿಡುತ್ತ ಸಂಜೆಯ ಹೊತ್ತಿಗೆ ಬೋರ್ಡು ಮುಗಿಸಿದ. ಹಳೆಯ ನೆರಳನ್ನು ಮಾತ್ರ ಮುಟ್ಟಲಿಲ್ಲ.

ಮನೆಗೆ ಬಂದಾಗ ಗೋಲಿಗಳ ಸಂದಿಯಲ್ಲಿ ಒಂದಿಷ್ಟು ಎಣ್ಣೆ ಉಳಿದಿತ್ತು. ಅವಳು ಮಲಗುತ್ತಿದ್ದ ಮೂಲೆಯಲ್ಲಿ ಸೀಸೆಯಿಟ್ಟು, ಅಭ್ಯಾಸಬಲದಿಂದ ಮುಚ್ಚಳ ಕೈಗೆತ್ತಿಕೊಂಡ. ಕಾಡಿನ ವಾಸನೆ ಆಗಲೇ ಕೋಣೆ ತುಂಬುತ್ತಿತ್ತು. ಮುಚ್ಚಳವನ್ನು ಟ್ರಂಕಿನೊಳಗೆ ಹಾಕಿಬಿಟ್ಟ.

"ಕುಡೀಲಿ ಬಿಡು ಲಕ್ಷ್ಮೀ," ಎಂದ, "ಗಾಳಿ ಇವತ್ತ ಕುಡೀಲಿ."